ಹೈ ಲೆವೆಲ್ ಹೋಮ್‌ಬ್ರೂ ಶಕ್ತಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಟೇಬಲ್ ಸುತ್ತ ಕೂತು ಪಾತ್ರ ವಹಿಸಿ ಆಡುವ ಆಟದಲ್ಲಿ ಕ್ಯಾಂಪೇನ್ (ಹಲವು ದಿನ ಸಾಗುವ ಕಥೆ) ಚೆನ್ನಾಗಿ ಬೆಳೆದು, ಕ್ಯಾರೆಕ್ಟರ್‌ಗಳು ಹದಿನೈದನೇ ಲೆವೆಲ್ ದಾಟಿದ ಮೇಲೆ ಆಟಗಾರರು ಡಿಎಂ (ಆಟ ನಡೆಸುವವರು) ಹತ್ತಿರ ಬಂದು ಕೇಳುವುದು ಒಂದೇ: ನನ್ನ ಕ್ಯಾರೆಕ್ಟರ್‌ಗೆ ಅಂತಲೇ ಒಂದು ಶಕ್ತಿ ಮಾಡಿಕೊಡಿ. ಪುಸ್ತಕದಲ್ಲಿ ಇಲ್ಲದ್ದನ್ನು ಹೀಗೆ ನಾವೇ ಮಾಡಿಕೊಳ್ಳುವುದಕ್ಕೆ ಹೋಮ್‌ಬ್ರೂ ಅನ್ನುತ್ತಾರೆ. ಅಲ್ಲಿಂದ ಮುಂದೆ ಏಳುವ ಪ್ರಶ್ನೆಗಳಿಗೆ ನನಗೆ ತಿಳಿದ ಉತ್ತರಗಳು ಇವು. ಲೆಕ್ಕಗಳು ಹೆಚ್ಚಿನವು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಐದನೇ ಆವೃತ್ತಿಯವು. ಬೇರೆ ಆಟ ಆಡುವವರು ಸಂಖ್ಯೆ ಬಿಟ್ಟು ಯೋಚನೆಯನ್ನಷ್ಟೇ ತೆಗೆದುಕೊಂಡರೂ ಸಾಕು.

ಹೈ ಲೆವೆಲ್ ಅಂದರೆ ಎಲ್ಲಿಂದ ಶುರು?

ಐದನೇ ಆವೃತ್ತಿಯಲ್ಲಿ 20 ಲೆವೆಲ್‌ಗಳಿಗೆ ನಾಲ್ಕು ಹಂತ: 1ರಿಂದ 4, 5ರಿಂದ 10, 11ರಿಂದ 16, 17ರಿಂದ 20. ನಾನು ಹೈ ಲೆವೆಲ್ ಅನ್ನುವುದು ಕೊನೆಯ ಹಂತಕ್ಕೆ, ಜೊತೆಗೆ ಮೂರನೇ ಹಂತದ ಮೇಲಿನ ಅರ್ಧಕ್ಕೆ. 17ಕ್ಕೆ ಒಂಬತ್ತನೇ ಲೆವೆಲ್ ಮಂತ್ರಗಳು ಕೈಗೆ ಬರುತ್ತವೆ, ಅಲ್ಲಿಂದ ಆಟವೇ ಬೇರೆ. ಆದರೆ ಎಲ್ಲಾ ಆಟಗಳಲ್ಲೂ ಹೀಗಿಲ್ಲ. 2008ರಲ್ಲಿ ಬಂದ ನಾಲ್ಕನೇ ಆವೃತ್ತಿಯಲ್ಲಿ 30 ಲೆವೆಲ್ ಇದ್ದವು, 21ರಿಂದ ಎಪಿಕ್ ಅನ್ನುವ ಕೊನೆಯ ಹಂತ. ತರ್ಟೀಂತ್ ಏಜ್ ಆಟದಲ್ಲಿ ಇರುವುದೇ 10 ಲೆವೆಲ್, 8ಕ್ಕೇ ಎಪಿಕ್ ಶುರು. ಹಾಗಾಗಿ ಬರೀ ಸಂಖ್ಯೆ ನೋಡಬೇಡಿ. ಈ ಕ್ಯಾರೆಕ್ಟರ್ ಈಗ ಒಂದು ಹಳ್ಳಿಯ ಕಷ್ಟ ಬಗೆಹರಿಸುತ್ತಿದ್ದಾಳಾ, ಒಂದು ಇಡೀ ಲೋಕದ ಕಷ್ಟ ಬಗೆಹರಿಸುತ್ತಿದ್ದಾಳಾ ಅಂತ ಕೇಳಿಕೊಳ್ಳಿ. ಲೋಕದ ಕಷ್ಟವಾದರೆ ಮುಂದಿನದೆಲ್ಲ ನಿಮಗೇ.

ಪುಸ್ತಕದಲ್ಲೇ ಶಕ್ತಿಗಳು ಇರುವಾಗ ನಾವ್ಯಾಕೆ ಮಾಡಬೇಕು?

ಪುಸ್ತಕದಲ್ಲಿರುವವು ಒಂದೇ ತೂಕದವಲ್ಲ, ಅದಕ್ಕೆ. ಐದನೇ ಆವೃತ್ತಿಯ 2014ರ ನಿಯಮಗಳಲ್ಲಿ ಒಂದೊಂದು ಕ್ಲಾಸ್‌ಗೆ (ಕ್ಯಾರೆಕ್ಟರ್‌ನ ವೃತ್ತಿಗೆ) 20ನೇ ಲೆವೆಲ್‌ನಲ್ಲಿ ಸಿಗುವ ಕೊನೆಯ ಶಕ್ತಿಗಳನ್ನು, ಅಂದರೆ ಕ್ಯಾಪ್‌ಸ್ಟೋನ್‌ಗಳನ್ನು, ಪಕ್ಕಪಕ್ಕ ಇಟ್ಟು ನೋಡಿ. ಬಾರ್ಬೇರಿಯನ್‌ಗೆ ಸ್ಟ್ರೆಂತ್ ಮತ್ತು ಕಾನ್ಸ್ಟಿಟ್ಯೂಷನ್ ಎರಡೂ 4 ಏರಿ, ಮಿತಿ 24ಕ್ಕೆ ಹೋಗುತ್ತದೆ. ಡ್ರೂಯಿಡ್‌ಗೆ ಲೆಕ್ಕವಿಲ್ಲದಷ್ಟು ಸಲ ರೂಪ ಬದಲಿಸುವ ಅವಕಾಶ, ಅಂದರೆ ಪ್ರತಿ ಟರ್ನ್‌ನಲ್ಲೂ ಹೊಸ ಮೃಗದ ಹಿಟ್ ಪಾಯಿಂಟ್‌ಗಳು (ಎಷ್ಟು ಪೆಟ್ಟು ತಾಳಬಹುದು ಅನ್ನುವ ಅಂಕ). ಅದೇ ಬಾರ್ಡ್‌ಗೆ? ಕಾಳಗದ ಸರದಿ ಗೊತ್ತುಮಾಡುವ ಇನಿಷಿಯೇಟಿವ್ ದಾಳ ಹಾಕುವಾಗ, ಗೆಳೆಯರಿಗೆ ಕೊಡುವ ಇನ್‌ಸ್ಪಿರೇಷನ್ ಪೂರ್ತಿ ಖಾಲಿಯಾಗಿದ್ದರೆ ಒಂದು ವಾಪಸ್ ಬರುತ್ತದೆ, ಅಷ್ಟೇ. ರೇಂಜರ್‌ಗೆ ತನ್ನ ನೆಚ್ಚಿನ ವೈರಿಯ ಮೇಲೆ ಮಾತ್ರ, ಟರ್ನ್‌ಗೆ ಒಂದು ಸಲ, ಏಟಿಗೋ ಡ್ಯಾಮೇಜಿಗೋ ವಿಸ್ಡಮ್ ಸೇರಿಸುವ ಅವಕಾಶ. ವರ್ಷಗಟ್ಟಲೆ ಆಡಿ ಅಲ್ಲಿಗೆ ಮುಟ್ಟಿದ ಆಟಗಾರನಿಗೆ ಇದು ಸಾಲದು, ಅಲ್ವಾ?

ಅದೇ ಆವೃತ್ತಿಯನ್ನು ತಿದ್ದಿ ಬಂದ 2024ರ ನಿಯಮಗಳಲ್ಲಿ ಕೆಲವು ಸರಿಹೋಗಿವೆ, ರೇಂಜರ್ ವಿಷಯದಲ್ಲಿ ನನಗಿನ್ನೂ ಸಮಾಧಾನವಿಲ್ಲ. ಹಂಟರ್ಸ್ ಮಾರ್ಕ್ ಮಂತ್ರದ ದಾಳ ಡಿ6ರಿಂದ (ಆರು ಮುಖ) ಡಿ10 (ಹತ್ತು ಮುಖ) ಆಗುವುದು, ಸರಾಸರಿ ಎರಡೇ ಎರಡು ಡ್ಯಾಮೇಜ್ ಜಾಸ್ತಿ ಆಗುವುದು, ಕಾಡನ್ನೇ ಮನೆ ಮಾಡಿಕೊಂಡ ಕ್ಯಾರೆಕ್ಟರ್‌ನ ಕೊನೆಯ ಮೆಟ್ಟಿಲು ಅನ್ನಿಸುವುದಿಲ್ಲ.

ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ಪುಸ್ತಕ ಬರೆದವರಿಗೆ ನಿಮ್ಮ ಕಥೆ ಗೊತ್ತಿಲ್ಲ. ನಿಮ್ಮ ಪಾಲಡಿನ್ ಎರಡು ಸಲ ಆಣೆ ಮುರಿದು ಮತ್ತೆ ಕಟ್ಟಿಕೊಂಡದ್ದು ನಿಮ್ಮ ಟೇಬಲ್‌ಗೆ ಮಾತ್ರ ಗೊತ್ತು.

ಸರಿ, ಎಲ್ಲಿಂದ ಶುರು ಮಾಡಲಿ?

ಹೆಸರಿನಿಂದ ಬೇಡ, ಡ್ಯಾಮೇಜ್‌ನಿಂದ ಖಂಡಿತ ಬೇಡ. ಈ ಕ್ಯಾರೆಕ್ಟರ್ ಟೇಬಲ್‌ನಲ್ಲಿ ಮತ್ತೆ ಮತ್ತೆ ಮಾಡುವ ಕೆಲಸ ಯಾವುದು ಅಂತ ನೋಡಿ. ಹಾಳೆಯಲ್ಲಿ ಬರೆದದ್ದನ್ನು ಬಿಡಿ, ನಿಜವಾಗಿ ಏನು ಮಾಡುತ್ತಾಳೆ? ಯಾವಾಗಲೂ ಗೆಳೆಯರ ಮುಂದೆ ಹೋಗಿ ನಿಲ್ಲುತ್ತಾಳಾ, ಎಲ್ಲರೂ ಕತ್ತಿ ತೆಗೆದಾಗ ಇವಳು ಮಾತಿಗಿಳಿಯುತ್ತಾಳಾ, ಜಗಳ ಶುರುವಾದ ಕೂಡಲೇ ಮೇಲೆ ಹತ್ತಿ ಎಲ್ಲವನ್ನೂ ನೋಡುತ್ತಾಳಾ? ಆ ಕೆಲಸವನ್ನು ಒಂದು ಕ್ರಿಯಾಪದವಾಗಿ ಬರೆಯಿರಿ: ತಡೆಯುವುದು, ಕದಿಯುವುದು, ಹೊರುವುದು, ಹುಡುಕುವುದು.

ಆಮೇಲೆ ಆ ಕ್ರಿಯಾಪದಕ್ಕೆ ಈವರೆಗೆ ಇದ್ದ ಒಂದು ಮಿತಿಯನ್ನು ತೆಗೆಯಿರಿ. ಒಂದನ್ನು ಮಾತ್ರ. ತಡೆಯುವವಳು ಈವರೆಗೆ ಕತ್ತಿಗೆ ಎಟಕುವಷ್ಟು ದೂರದಲ್ಲಿ ಮಾತ್ರ ತಡೆಯುತ್ತಿದ್ದಳು. ಈಗ ಒಂದು ಇಡೀ ಗೆರೆಯನ್ನು ತಡೆಯಲಿ. ಕದಿಯುವವನು ಕಣ್ಣೆದುರು ಇದ್ದದ್ದನ್ನು ಮಾತ್ರ ಕದಿಯುತ್ತಿದ್ದ. ಈಗ ಹಿಂದೆಯೇ ಕದ್ದಿಟ್ಟಿದ್ದೆ ಅಂತ ಹೇಳುವಂತಾಗಲಿ. ಹೊರುವವನು ಭಾರ ಹೊರುತ್ತಿದ್ದ. ಈಗ ಬೇರೆಯವರ ಗಾಯವನ್ನೂ ಹೊರಲಿ.

ಇಷ್ಟು ಮಾಡಿದರೆ ಶಕ್ತಿಯ ಬೆನ್ನೆಲುಬು ಬಂತು. ಒಳ್ಳೆಯ ಹೈ ಲೆವೆಲ್ ಶಕ್ತಿ ಆಟಗಾರನ ಕೈಗೆ ಹೊಸ ಆಯ್ಕೆ ಕೊಡುತ್ತದೆ. ಶಕ್ತಿ ಬಂದ ಮೇಲೂ ಅವನು ಟರ್ನ್‌ನಲ್ಲಿ ಹಿಂದಿನದನ್ನೇ ಮಾಡುತ್ತಾ, ಫಲಿತಾಂಶ ಮಾತ್ರ ದೊಡ್ಡದಾಗಿದ್ದರೆ, ನೀವು ಕೊಟ್ಟದ್ದು ಸಂಬಳದ ಏರಿಕೆ.

ಪ್ಲಸ್ ಬೋನಸ್ ಕೊಟ್ಟರೆ ಏನು ತಪ್ಪು? ಸುಲಭ ತಾನೇ?

ಐದನೇ ಆವೃತ್ತಿಯ ಗಣಿತ ನಿಂತಿರುವುದೇ ಸಂಖ್ಯೆಗಳು ಹೆಚ್ಚು ಏರಬಾರದು ಅನ್ನುವ ನಿಯಮದ ಮೇಲೆ. ಪ್ರೊಫಿಷಿಯೆನ್ಸಿ ಬೋನಸ್ (ಪಳಗಿದ ಕೆಲಸಗಳಲ್ಲಿ ದಾಳಕ್ಕೆ ಸೇರುವ ಅಂಕ) ಮೊದಲ ಲೆವೆಲ್‌ನಲ್ಲಿ 2, 17ರಿಂದ 20ರವರೆಗೆ 6. ಇಪ್ಪತ್ತು ಲೆವೆಲ್ ಪೂರ್ತಿ ಏರಿದರೂ ಹೆಚ್ಚಿದ್ದು ನಾಲ್ಕೇ. ಒಂದು ಲೆಕ್ಕ ಹಾಕೋಣ. 2014ರ ಪುಸ್ತಕದ ಏನ್ಷಂಟ್ ರೆಡ್ ಡ್ರ್ಯಾಗನ್‌ನ ಎಸಿ (ಏಟು ತಾಗಲು ಮುಟ್ಟಬೇಕಾದ ಸಂಖ್ಯೆ) 22. 20ನೇ ಲೆವೆಲ್ ಫೈಟರ್‌ಗೆ ಸ್ಟ್ರೆಂತ್‌ನಿಂದ 5, ಪ್ರೊಫಿಷಿಯೆನ್ಸಿಯಿಂದ 6, ಒಟ್ಟು 11. ಇಪ್ಪತ್ತು ಮುಖದ ದಾಳದಲ್ಲಿ 11 ಅಥವಾ ಮೇಲೆ ಬೀಳಬೇಕು, ಅಂದರೆ ಸರಿಯಾಗಿ 50%. ಕೈಯಲ್ಲಿ +3 ಕತ್ತಿ ಇದ್ದರೆ 65%. ಅದರ ಮೇಲೆ ನೀವು ಪ್ರೀತಿಯಿಂದ ಇನ್ನೊಂದು +5 ಕೊಟ್ಟಿರಿ ಅಂದುಕೊಳ್ಳಿ: 90%. ಈಗ ದಾಳ ಹಾಕುವುದೇ ಒಂದು ಶಾಸ್ತ್ರ. ಏಟು ಬೀಳುತ್ತದಾ ಅನ್ನುವ ಕುತೂಹಲ ಹೋಯಿತು. ಡಿಎಂ ಅದಕ್ಕೆ ಉತ್ತರವಾಗಿ ರಾಕ್ಷಸರ ಎಸಿ 27 ಮಾಡಿದರೆ ಪಕ್ಕದಲ್ಲಿ ಕೂತ ಕ್ಲೆರಿಕ್‌ನ ಸುತ್ತಿಗೆಗೆ ಏನೂ ತಾಗದು.

ಅಡ್ವಾಂಟೇಜ್ (ಎರಡು ಸಲ ದಾಳ ಹಾಕಿ ದೊಡ್ಡದನ್ನು ಇಟ್ಟುಕೊಳ್ಳುವುದು) ಕೊಡುವುದು ಇದಕ್ಕಿಂತ ಸುರಕ್ಷಿತ, ಯಾಕಂದರೆ ಅದು ಒಂದರ ಮೇಲೊಂದು ಕೂಡುವುದಿಲ್ಲ. 50% ಇದ್ದದ್ದು 75% ಆಗುತ್ತದೆ, ಅಲ್ಲಿಗೆ ನಿಲ್ಲುತ್ತದೆ. ಆದರೆ ಅದು ಸದಾ ಇರುವ ಶಕ್ತಿಯಾದರೆ, ಅಡ್ವಾಂಟೇಜ್ ಗಳಿಸಿಕೊಳ್ಳಲು ಗೆಳೆಯರು ಮಾಡುವ ಸಹಾಯಕ್ಕೆ ಬೆಲೆ ಇಲ್ಲದಂತಾಗುತ್ತದೆ. ಕ್ರಿಟಿಕಲ್ (ಹೆಚ್ಚು ಡ್ಯಾಮೇಜ್ ಮಾಡುವ ವಿಶೇಷ ಏಟು) ಜೊತೆಗೂ ಸೇರಿಸಿ ನೋಡಿ: 18ರಿಂದ 20 ಬಿದ್ದರೆ ಕ್ರಿಟಿಕಲ್ ಅನ್ನುವ ಚಾಂಪಿಯನ್ ಫೈಟರ್‌ಗೆ ಮಾಮೂಲಿ ಅವಕಾಶ 15%, ಅಡ್ವಾಂಟೇಜ್ ಇದ್ದರೆ 27.75%.

ಪಾತ್‌ಫೈಂಡರ್ ಎರಡನೇ ಆವೃತ್ತಿ ಆಡುವವರು ಇನ್ನೂ ಹುಷಾರಾಗಿರಬೇಕು. ಅಲ್ಲಿ ಗುರಿಗಿಂತ 10 ಜಾಸ್ತಿ ಬಂದರೆ ಕ್ರಿಟಿಕಲ್, ಹಾಗಾಗಿ ಒಂದು ಸಣ್ಣ +1 ಸಾಮಾನ್ಯ ಏಟನ್ನೂ ಕ್ರಿಟಿಕಲ್ ಅನ್ನೂ ಎರಡನ್ನೂ ಏರಿಸಿಬಿಡುತ್ತದೆ.

ಡ್ಯಾಮೇಜ್ ಎಷ್ಟು ಇಡಬೇಕು?

2014ರ ಡಿಎಂ ಪುಸ್ತಕದಲ್ಲಿ ಹೊಸ ಮಂತ್ರ ಮಾಡುವವರಿಗಾಗಿ ಒಂದು ಪಟ್ಟಿ ಇದೆ. ಅದರ ಪ್ರಕಾರ ಒಂಬತ್ತನೇ ಲೆವೆಲ್ ಮಂತ್ರ ಒಬ್ಬನ ಮೇಲೆ 15ಡಿ10 (ಹತ್ತು ಮುಖದ 15 ದಾಳಗಳ ಮೊತ್ತ), ಹಲವರ ಮೇಲೆ 14ಡಿ6. ಸರಾಸರಿ 82.5 ಮತ್ತು 49. ಆದರೆ ಅದೇ ಆಟದ ಮೀಟಿಯೋರ್ ಸ್ವಾರ್ಮ್ 40ಡಿ6, ಸರಾಸರಿ 140. ಮೂರನೇ ಲೆವೆಲ್‌ಗೆ ಪಟ್ಟಿ ಹೇಳುವುದು 6ಡಿ6, ಫೈರ್‌ಬಾಲ್ ಮಾಡುವುದು 8ಡಿ6. ಪಟ್ಟಿ ಒಂದು ಕೆಳಗಿನ ಗಡಿ, ಹೆಸರುವಾಸಿ ಮಂತ್ರಗಳು ಮೇಲಿನ ಗಡಿ. ದಿನಕ್ಕೊಂದು ಸಲ ಬಳಸುವ ಶಕ್ತಿ ಇವೆರಡರ ನಡುವೆ ಎಲ್ಲಾದರೂ ಇರಲಿ.

ಪ್ರತಿ ಟರ್ನ್‌ನಲ್ಲಿ ಬಳಸುವ ಶಕ್ತಿಗೆ ಬೇರೆ ಅಳತೆ ಬೇಕು. ಗ್ರೇಟ್‌ಸೋರ್ಡ್ ಹಿಡಿದ 20ನೇ ಲೆವೆಲ್ ಫೈಟರ್ ನಾಲ್ಕು ಏಟು ಹೊಡೆಯುತ್ತಾನೆ, ಒಂದೊಂದಕ್ಕೆ ಸರಾಸರಿ 12, ಎಲ್ಲಾ ತಾಗಿದರೆ 48. ಅವಕಾಶ 65% ಅಂದರೆ ಸುಮಾರು 31. ಇದು ಫೀಟ್ (ಆರಿಸಿಕೊಳ್ಳುವ ಹೆಚ್ಚುವರಿ ಕೌಶಲ) ಇಲ್ಲದ, ಮಾಯಾ ಕತ್ತಿಯ ಡ್ಯಾಮೇಜ್ ಸೇರಿಸದ ಬರಿಯ ಲೆಕ್ಕ. ನಿಮ್ಮ ಶಕ್ತಿ ಟರ್ನ್‌ಗೆ 10 ಸೇರಿಸಿದರೂ ಮೂರನೇ ಒಂದು ಭಾಗ ಏರಿದ ಹಾಗೆ. ಜನ ಇದನ್ನು ಸಣ್ಣದು ಅಂದುಕೊಂಡು ಕೊಟ್ಟುಬಿಡುತ್ತಾರೆ. ಸಣ್ಣದಲ್ಲ.

ಹೆಚ್ಚುವರಿ ಆಕ್ಷನ್ ಕೊಡಬಹುದಾ?

ಇದಕ್ಕಿಂತ ಅಪಾಯದ ಕೊಡುಗೆ ಇನ್ನೊಂದಿಲ್ಲ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಂದು ಆಕ್ಷನ್ ಅಂದರೆ ಆ ಕ್ಯಾರೆಕ್ಟರ್ ಕೈಯಲ್ಲಿರುವ ಅತಿ ಬಲವಾದದ್ದು ಇನ್ನೊಂದು ಸಲ. ಕ್ಯಾರೆಕ್ಟರ್ ಬೆಳೆದಷ್ಟೂ ಈ ಶಕ್ತಿ ತಾನಾಗಿ ಬೆಳೆಯುತ್ತದೆ, ನೀವು ಬರೆದ ದಿನ ಇದ್ದ ಬೆಲೆ ಆರು ತಿಂಗಳ ಮೇಲೆ ಇರುವುದಿಲ್ಲ. ಜೊತೆಗೆ ಟೇಬಲ್‌ನಲ್ಲಿ ಐದು ಜನ ಇದ್ದರೆ ಒಬ್ಬನ ಟರ್ನ್ ಉದ್ದವಾದಾಗ ಉಳಿದ ನಾಲ್ವರು ಕಾಯುತ್ತಾರೆ. ಹೈ ಲೆವೆಲ್ ಕಾಳಗ ಮೊದಲೇ ನಿಧಾನ.

ಮೂಲ ಆಟ ಇದನ್ನು ಹೇಗೆ ಕಟ್ಟಿಹಾಕಿದೆ ಅಂತ ಟೈಮ್ ಸ್ಟಾಪ್ ಮಂತ್ರದಲ್ಲಿ ನೋಡಿ. 1ಡಿ4+1 ಟರ್ನ್‌ಗಳು ಒಟ್ಟಿಗೆ ಸಿಗುತ್ತವೆ, ಒಂಬತ್ತನೇ ಲೆವೆಲ್ ಸ್ಲಾಟ್ (ಆ ಲೆವೆಲ್‌ನ ಮಂತ್ರ ಹಾಕುವ ಅವಕಾಶ) ಹೋಗುತ್ತದೆ, ಆದರೂ ನೀವು ಬೇರೆ ಯಾರನ್ನಾದರೂ ಮುಟ್ಟುವ ಕೆಲಸ ಮಾಡಿದ ತಕ್ಷಣ ಮಂತ್ರ ಮುಗಿಯುತ್ತದೆ. ಅಂದರೆ ಸಿಕ್ಕ ಸಮಯ ತಯಾರಿಗೆ ಮಾತ್ರ, ಹೊಡೆಯಲಿಕ್ಕಲ್ಲ. ಈ ಪಾಠವನ್ನು ನೀವೂ ಬಳಸಿ. ಹೆಚ್ಚುವರಿ ಆಕ್ಷನ್ ಕೊಡಲೇಬೇಕಾದರೆ ಅದರಿಂದ ಏನು ಮಾಡಬಹುದು ಅಂತ ಹೆಸರಿಟ್ಟು ಬರೆಯಿರಿ: ಓಡಬಹುದು, ಅಡಗಬಹುದು, ಬಿದ್ದವನನ್ನು ಎತ್ತಬಹುದು. ಮಂತ್ರ ಹಾಕಬಹುದು ಅಂತ ಮಾತ್ರ ಬರೆಯಬೇಡಿ.

ರಿಯಾಕ್ಷನ್ (ಬೇರೆಯವರು ಏನಾದರೂ ಮಾಡಿದಾಗ ತಕ್ಷಣ ಕೊಡುವ ಪ್ರತಿಕ್ರಿಯೆ) ಆಧಾರದ ಶಕ್ತಿಗಳು ನನಗೆ ಬಹಳ ಇಷ್ಟ. ರೌಂಡ್‌ಗೆ ಒಂದೇ ರಿಯಾಕ್ಷನ್ ಇರುವುದರಿಂದ ಮಿತಿ ಮೊದಲೇ ಒಳಗೇ ಇದೆ. ಅದಕ್ಕಿಂತ ಮುಖ್ಯವಾಗಿ, ಬೇರೆಯವರ ಟರ್ನ್‌ನಲ್ಲಿ ಆಟಗಾರ ಮೊಬೈಲ್ ನೋಡದೆ ಕಣ್ಣಿಟ್ಟು ಕೂರುತ್ತಾನೆ.

ದಿನಕ್ಕೆ ಒಂದು ಸಲ ಅಂತ ಬರೆದರೆ ಸಮತೋಲನ ಬಂದ ಹಾಗಲ್ಲವಾ?

ಕಾಗದದ ಮೇಲೆ ಬಂದ ಹಾಗೆ. 2014ರ ಪುಸ್ತಕ ದಿನಕ್ಕೆ ಆರರಿಂದ ಎಂಟು ಮಧ್ಯಮ ಅಥವಾ ಕಠಿಣ ಕಾಳಗಗಳನ್ನು ತಡೆದುಕೊಳ್ಳಬಹುದು ಅಂದುಕೊಂಡು ಲೆಕ್ಕ ಹಾಕಿದೆ. ಹೈ ಲೆವೆಲ್‌ನಲ್ಲಿ ಎಷ್ಟು ಟೇಬಲ್‌ಗಳು ಹಾಗೆ ಆಡುತ್ತವೆ? ಒಂದು ದೊಡ್ಡ ಕಾಳಗ, ಆಮೇಲೆ ಲಾಂಗ್ ರೆಸ್ಟ್ (ರಾತ್ರಿಯ ಪೂರ್ತಿ ವಿಶ್ರಾಂತಿ). ಹಾಗಿದ್ದಾಗ ದಿನಕ್ಕೊಂದು ಸಲ ಅಂದರೆ ಪ್ರತಿ ಕಾಳಗದಲ್ಲೂ ಒಂದು ಸಲ, ಅದೂ ಮೊದಲ ರೌಂಡ್‌ನಲ್ಲೇ.

ಬೇರೆ ಬೆಲೆಗಳನ್ನು ಯೋಚಿಸಿ. ಎಕ್ಸಾಷನ್ (ಹಂತ ಹಂತವಾಗಿ ಏರುವ ದಣಿವು) ನನ್ನ ಮೆಚ್ಚಿನದು: ಲಾಂಗ್ ರೆಸ್ಟ್‌ಗೆ ಒಂದು ಹಂತ ಮಾತ್ರ ಇಳಿಯುತ್ತದೆ, ಆರನೇ ಹಂತದಲ್ಲಿ ಸಾವು. 2024ರ ನಿಯಮದಲ್ಲಿ ಹಂತಕ್ಕೊಂದರಂತೆ ಡಿ20 ಪರೀಕ್ಷೆಗಳಿಗೆಲ್ಲ 2 ಕಡಿಮೆ, ನಡೆಯುವ ವೇಗ 5 ಅಡಿ ಕಡಿಮೆ. ಈ ಬೆಲೆಗೆ ಶಕ್ತಿಯನ್ನು ದಿನಕ್ಕೆ ಎಷ್ಟು ಸಲವಾದರೂ ಬಳಸಲಿ ಅಂತ ಬಿಟ್ಟುಬಿಡಿ. ಆಟಗಾರ್ತಿ ಮೂರನೇ ಸಲ ಬಳಸುವ ಮುನ್ನ ಟೇಬಲ್ ಪೂರ್ತಿ ಉಸಿರು ಬಿಗಿಹಿಡಿದು ಕೂರುತ್ತದೆ. ಹಿಟ್ ಡೈಸ್ (ವಿಶ್ರಾಂತಿಯಲ್ಲಿ ಚೇತರಿಸಿಕೊಳ್ಳಲು ಹಾಕುವ ದಾಳಗಳು) ಖರ್ಚು ಮಾಡಿಸುವುದೂ ಒಳ್ಳೆಯದು. ಷರತ್ತು ಹಾಕುವುದು ಇನ್ನೂ ಒಳ್ಳೆಯದು: ನಿಮ್ಮ ಹಿಟ್ ಪಾಯಿಂಟ್ ಅರ್ಧಕ್ಕಿಂತ ಕೆಳಗೆ ಇಳಿದಾಗ ಮಾತ್ರ, ಗೆಳೆಯನೊಬ್ಬ ಬಿದ್ದಾಗ ಮಾತ್ರ. ಆಗ ಶಕ್ತಿ ಕಾಳಗದ ಶುರುವಿನಿಂದ ಅದರ ನಡುವಿಗೆ ಸರಿಯುತ್ತದೆ, ಕಥೆ ಬಿಗಿಯಾಗುವ ಜಾಗಕ್ಕೆ.

ನನ್ನ ಬಾಸ್ (ಕಥೆಯ ದೊಡ್ಡ ವೈರಿ) ಒಂದೇ ಶಕ್ತಿಗೆ ಸತ್ತು ಹೋಗುತ್ತಾನೆ. ಏನು ಮಾಡಲಿ?

ಸೇವಿಂಗ್ ಥ್ರೋ (ಪಾರಾಗಲು ಹಾಕುವ ದಾಳ) ಸೋತರೆ ಸತ್ತ ಅನ್ನುವ ಶಕ್ತಿ ಬರೆಯಬೇಡಿ. ಅದು ಗೆದ್ದರೂ ಬೇಸರ, ಸೋತರೂ ಬೇಸರ. ದೊಡ್ಡ ರಾಕ್ಷಸರಿಗೆ ಲೆಜೆಂಡರಿ ರೆಸಿಸ್ಟೆನ್ಸ್ (ಸೋತ ಸೇವಿಂಗ್ ಥ್ರೋವನ್ನು ಗೆದ್ದದ್ದಾಗಿ ಮಾಡಿಕೊಳ್ಳುವ ಅವಕಾಶ) ಇರುತ್ತದೆ, ಸಾಮಾನ್ಯವಾಗಿ ದಿನಕ್ಕೆ ಮೂರು, ಹಾಗಾಗಿ ಆಟಗಾರನ ಜೀವಮಾನದ ಶಕ್ತಿ ಮೊದಲ ಸಲ ಏನೂ ಮಾಡದೆ ಮಾಯವಾಗುತ್ತದೆ. ಅವನ ಮುಖ ನೋಡಲು ಆಗುವುದಿಲ್ಲ.

ಪವರ್ ವರ್ಡ್ ಕಿಲ್ ಮಂತ್ರ ಇದನ್ನು ಬೇರೆ ದಾರಿಯಲ್ಲಿ ಬಗೆಹರಿಸಿತು. ಸೇವಿಂಗ್ ಥ್ರೋ ಇಲ್ಲವೇ ಇಲ್ಲ, ಆದರೆ ಗುರಿಯ ಹತ್ತಿರ 100 ಅಥವಾ ಅದಕ್ಕಿಂತ ಕಡಿಮೆ ಹಿಟ್ ಪಾಯಿಂಟ್ ಇರಬೇಕು. 546 ಹಿಟ್ ಪಾಯಿಂಟ್‌ನ ಆ ರೆಡ್ ಡ್ರ್ಯಾಗನ್‌ಗೆ ಅದು ತಾಗಬೇಕಾದರೆ ಉಳಿದವರೆಲ್ಲ ಮೊದಲು 446 ಇಳಿಸಬೇಕು. ನೋಡಿ ಎಷ್ಟು ಚೆನ್ನಾಗಿದೆ: ಕೊನೆಯ ಏಟು ಒಬ್ಬರದು, ದಾರಿ ಮಾಡಿದ್ದು ಎಲ್ಲರೂ.

ಇನ್ನೊಂದು ದಾರಿ ಅಂದರೆ ಪಾರಾದರೂ ಏನೋ ಒಂದು ತಾಗುವ ಹಾಗೆ ಬರೆಯುವುದು. ಸೋತರೆ ಬಾಸ್ ಒಂದು ಟರ್ನ್ ಕಲ್ಲಾಗುತ್ತಾನೆ, ಗೆದ್ದರೆ ಅವನ ರಿಯಾಕ್ಷನ್ ಹೋಗುತ್ತದೆ. ರೆಸಿಸ್ಟೆನ್ಸ್ ಖರ್ಚಾದರೂ ಆಟಗಾರನ ಕೈಗೆ ಏನೋ ಸಿಕ್ಕಿತು.

ಮಂತ್ರವಾದಿಗಳು ಲೋಕ ಬದಲಿಸುತ್ತಾರೆ, ನನ್ನ ಫೈಟರ್ ಇನ್ನೂ ಕತ್ತಿ ಬೀಸುತ್ತಿದ್ದಾನೆ. ಅವನಿಗೆ ಏನು ಕೊಡಲಿ?

ಹೋಮ್‌ಬ್ರೂಗೆ ಅತಿ ದೊಡ್ಡ ಕೆಲಸ ಇರುವುದು ಇಲ್ಲೇ. 17ನೇ ಲೆವೆಲ್ ವಿಝರ್ಡ್ ಬೇರೆ ಲೋಕಕ್ಕೆ ಬಾಗಿಲು ತೆರೆಯುತ್ತಾಳೆ, ಆಸೆಪಟ್ಟದ್ದನ್ನು ನಿಜ ಮಾಡುತ್ತಾಳೆ. ಅದೇ ಲೆವೆಲ್ ಫೈಟರ್‌ಗೆ ಸಿಗುವುದು ಇನ್ನೊಂದು ಆಕ್ಷನ್ ಸರ್ಜ್ (ಟರ್ನ್‌ನಲ್ಲಿ ಒಂದು ಹೆಚ್ಚುವರಿ ಆಕ್ಷನ್). ಡ್ಯಾಮೇಜ್‌ನಲ್ಲಿ ಅವನು ಹಿಂದೆ ಬಿದ್ದಿಲ್ಲ, ಕಥೆಯಲ್ಲಿ ಬಿದ್ದಿದ್ದಾನೆ. ಹಾಗಾಗಿ ಅವನಿಗೆ ಇನ್ನಷ್ಟು ಡ್ಯಾಮೇಜ್ ಕೊಡುವುದು ಕಾಲು ಮುರಿದವನಿಗೆ ಕನ್ನಡಕ ಕೊಟ್ಟ ಹಾಗೆ.

ನಾನು ಬಳಸುವ ಎರಡು ಶಕ್ತಿಗಳನ್ನು ಪೂರ್ತಿ ಬರೆಯುತ್ತೇನೆ, ಬೇಕಾದರೆ ತೆಗೆದುಕೊಳ್ಳಿ.

ಇಲ್ಲಿಂದ ಮುಂದೆ ಇಲ್ಲ (ಫೈಟರ್, 18ನೇ ಲೆವೆಲ್): ಬೋನಸ್ ಆಕ್ಷನ್ ಬಳಸಿ, ನಿಮ್ಮ ಆಯುಧದಿಂದ ನೆಲದ ಮೇಲೆ 60 ಅಡಿ ಉದ್ದದವರೆಗಿನ ಒಂದು ಗೆರೆ ಎಳೆಯುತ್ತೀರಿ. ಗೆರೆಯ ಒಂದು ತುದಿ ನಿಮ್ಮ ಪಕ್ಕದಲ್ಲಿರಬೇಕು. ಒಂದು ನಿಮಿಷದವರೆಗೆ, ನಿಮಗೆ ಪ್ರಜ್ಞೆ ಇರುವಷ್ಟು ಕಾಲ, ಗೆರೆ ದಾಟಲು ನೋಡುವ ವೈರಿ ವಿಸ್ಡಮ್ ಸೇವಿಂಗ್ ಥ್ರೋ ಹಾಕಬೇಕು. ಗುರಿ 8, ನಿಮ್ಮ ಪ್ರೊಫಿಷಿಯೆನ್ಸಿ ಮತ್ತು ಸ್ಟ್ರೆಂತ್ ಬೋನಸ್ ಸೇರಿದಷ್ಟು. ಸೋತರೆ ಆ ಟರ್ನ್‌ನ ಅವನ ನಡಿಗೆ ಅಲ್ಲಿಗೆ ಮುಗಿಯಿತು. ಗೆರೆಯಿಂದ 10 ಅಡಿ ಎತ್ತರದವರೆಗೆ ಹಾರುವವರಿಗೂ ಇದು ಅನ್ವಯ. ಟೆಲಿಪೋರ್ಟ್ ಮಾಡುವವರಿಗೆ ಇಲ್ಲ. ಶಾರ್ಟ್ ಅಥವಾ ಲಾಂಗ್ ರೆಸ್ಟ್ ಆದ ಮೇಲೆ ಮತ್ತೆ ಬಳಸಬಹುದು.

18ನೇ ಲೆವೆಲ್‌ಗೆ ಗುರಿ 19 ಆಗುತ್ತದೆ, ಸೈನ್ಯದ ಸಾಮಾನ್ಯ ಸೈನಿಕ ಹೆಚ್ಚು ಕಡಿಮೆ ದಾಟಲಾರ, ರಾಕ್ಷಸರ ದೊರೆ ದಾಟಬಲ್ಲ. ಇದರಲ್ಲಿ ಒಂದು ಡ್ಯಾಮೇಜ್ ಕೂಡ ಇಲ್ಲ ಅನ್ನುವುದನ್ನು ಗಮನಿಸಿ. ಆದರೆ ಒಬ್ಬನೇ ನಿಂತು ಸೇತುವೆ ಕಾಯುವ ದೃಶ್ಯ ಈಗ ನಿಯಮದ ಒಳಗೇ ಸಾಧ್ಯ.

ಆಗಲೇ ಎತ್ತಿದ್ದೆ (ರೋಗ್, 17ನೇ ಲೆವೆಲ್): ಕಳೆದ 24 ಗಂಟೆಯಲ್ಲಿ ನೀವು 5 ಅಡಿ ಹತ್ತಿರ ಹೋಗಿದ್ದ ಯಾರಿಂದಲಾದರೂ ಅಂಗೈಯಲ್ಲಿ ಮುಚ್ಚಿ ಹಿಡಿಯುವಷ್ಟು ಚಿಕ್ಕ ವಸ್ತುವೊಂದನ್ನು ಆಗಲೇ ಕದ್ದಿದ್ದೆ ಅಂತ ಘೋಷಿಸಬಹುದು. ಆ ವಸ್ತು ಅವರ ಹತ್ತಿರ ಇರುವುದು ನಂಬುವಂತಿರಬೇಕು: ಬೀಗದ ಕೈ, ಪತ್ರ, ಮುದ್ರೆಯುಂಗುರ. ಮಾಯಾ ವಸ್ತು ಆಗುವುದಿಲ್ಲ. ಲಾಂಗ್ ರೆಸ್ಟ್‌ಗೆ ಒಂದು ಸಲ.

ಇದನ್ನು ಕೊಟ್ಟ ಮೇಲೆ ರೋಗ್ ಆಡುವವರು ಪ್ರತಿ ಮುಖ್ಯ ಪಾತ್ರದ ಹತ್ತಿರ ಹೋಗಿ ಕೈ ಕುಲುಕಲು ಶುರು ಮಾಡುತ್ತಾರೆ. ಶಕ್ತಿ ಬಳಸದ ಹೊತ್ತಿನಲ್ಲೂ ಆಟದ ನಡವಳಿಕೆ ಬದಲಾಯಿತು ಅಂದರೆ ಅದು ಕೆಲಸ ಮಾಡುತ್ತಿದೆ.

ಕಥೆಯನ್ನೇ ಹಾಳು ಮಾಡುವ ಶಕ್ತಿ ಯಾವುದು?

ಇಡೀ ಒಂದು ಬಗೆಯ ದೃಶ್ಯವನ್ನು ಶಾಶ್ವತವಾಗಿ ಅಳಿಸುವ ಶಕ್ತಿ. ಯಾವ ಸುಳ್ಳೂ ಇವಳಿಗೆ ತಿಳಿಯುತ್ತದೆ ಅಂತ ಬರೆದರೆ ಒಳಸಂಚಿನ ಕಥೆ ಇನ್ನು ಇಲ್ಲ. ಎಂದೂ ದಾರಿ ತಪ್ಪಳು ಅಂದರೆ ಪ್ರಯಾಣದ ಕಥೆ ಇಲ್ಲ. ಡಿಎಂ ಆಗಿ ಒಪ್ಪುವ ಮುನ್ನ ನಿಮಗೆ ಯಾವ ದೃಶ್ಯ ಇಷ್ಟ ಅಂತ ನೀವೇ ಕೇಳಿಕೊಳ್ಳಿ. ಪ್ರಯಾಣ ನಡೆಸುವುದು ನಿಮಗೆ ಬೇಜಾರಾದರೆ ಆ ಶಕ್ತಿ ಧಾರಾಳವಾಗಿ ಕೊಡಿ.

ದೊಡ್ಡ ಶಕ್ತಿಗೆ ನಿಜವಾದ ಬೆಲೆ ಹೇಗೆ ಇಡಬಹುದು ಅನ್ನುವುದಕ್ಕೆ ವಿಶ್ ಮಂತ್ರವೇ ಉದಾಹರಣೆ. ಬೇರೆ ಮಂತ್ರದ ನಕಲಾಗಿ ಬಳಸಿದರೆ ತೊಂದರೆ ಇಲ್ಲ. ಅದನ್ನು ಮೀರಿ ಏನನ್ನಾದರೂ ಬೇಡಿದರೆ, ಮತ್ತೆಂದೂ ವಿಶ್ ಹಾಕಲಾಗದ ಸಾಧ್ಯತೆ 33%. ಆಟಗಾರ ಕೇಳುವ ಮುನ್ನ ಯೋಚಿಸುತ್ತಾನೆ, ಕೇಳಿದರೆ ಅದು ನೆನಪಿನಲ್ಲಿ ಉಳಿಯುವ ದಿನವಾಗುತ್ತದೆ.

ಬರೆಯುವಾಗ ಪದಗಳ ಬಗ್ಗೆ ಎಷ್ಟು ಹುಷಾರು ಬೇಕು?

ತುಂಬಾ. ಯಾವಾಗ ಬಳಸಬಹುದು, ಯಾವ ಆಕ್ಷನ್ ಖರ್ಚು, ಎಷ್ಟು ದೂರ, ಯಾರ ಮೇಲೆ, ಎಷ್ಟು ಹೊತ್ತು, ಹೇಗೆ ಮುಗಿಯುತ್ತದೆ. ಇವೆಲ್ಲಕ್ಕೂ ಉತ್ತರ ಬರಹದಲ್ಲಿ ಇರಬೇಕು, ನಿಮ್ಮ ತಲೆಯಲ್ಲಿ ಇದ್ದರೆ ಸಾಲದು.

ಒಬ್ಬನನ್ನು ಕೊಂದರೆ ಇನ್ನೊಂದು ಏಟು ಹೊಡೆಯಬಹುದು ಅಂತ ಬರೆದಿದ್ದೀರಿ ಅಂದುಕೊಳ್ಳಿ. ಒಂದು ಚೀಲದಲ್ಲಿ ಇಲಿಗಳನ್ನು ತುಂಬಿಕೊಂಡು ಬಂದು, ಬಾಸ್ ಎದುರು ನಿಂತು ಒಂದೊಂದೇ ಇಲಿ ಕೊಲ್ಲುತ್ತಾ ಏಟು ಗಳಿಸುವ ಆಟಗಾರ ಬರುತ್ತಾನೆ. ಇದು ಎಷ್ಟು ಹಳೆಯ ತಂತ್ರ ಅಂದರೆ ಆಟ ವಿನ್ಯಾಸ ಮಾಡುವವರು ಇದನ್ನು ಇಲಿ ಚೀಲದ ಸಮಸ್ಯೆ ಅಂತಲೇ ಕರೆಯುತ್ತಾರೆ. ಟರ್ನ್‌ಗೆ ಒಂದು ಸಲ, ನಿಮಗೆ ಅಪಾಯ ಒಡ್ಡಬಲ್ಲ ವೈರಿಯನ್ನು ಕೊಂದಾಗ ಅಂತ ಬರೆದರೆ ಇಲಿಗಳು ಬದುಕಿಕೊಂಡವು.

ಸಿಮುಲಾಕ್ರಮ್ ಮಂತ್ರ ನೆನಪಿಡಿ. ಅದು ಕ್ಯಾರೆಕ್ಟರ್‌ನ ನಕಲನ್ನೇ ಮಾಡುತ್ತದೆ, ನಕಲಿಗೆ ನೀವು ಬರೆದ ಶಕ್ತಿಯೂ ಬರುತ್ತದೆ. ಬೇಡವಾದರೆ ಒಂದು ಸಾಲು ಸೇರಿಸಿ.

ಮಲ್ಟಿಕ್ಲಾಸ್ (ಒಂದಕ್ಕಿಂತ ಹೆಚ್ಚು ಕ್ಲಾಸ್ ಬೆರೆಸುವುದು) ಮಾಡುವವರಿಂದ ತೊಂದರೆ ಆಗುತ್ತದಾ?

17ರ ಮೇಲೆ ಇಟ್ಟರೆ ಕಡಿಮೆ. ಎರಡು ಲೆವೆಲ್ ಫೈಟರ್ ತೆಗೆದುಕೊಂಡು ಆಕ್ಷನ್ ಸರ್ಜ್ ಎತ್ತಿಕೊಂಡು ಹೋದ ಹಾಗೆ ಇದನ್ನು ಎತ್ತಲು ಆಗುವುದಿಲ್ಲ. ಒಟ್ಟು ಲೆವೆಲ್ ಅಲ್ಲ, ಆ ಕ್ಲಾಸ್‌ನ ಲೆವೆಲ್ ಅಂತ ಸ್ಪಷ್ಟವಾಗಿ ಬರೆದರಾಯಿತು.

ಆಟಕ್ಕೆ ತರುವ ಮುನ್ನ ಪರೀಕ್ಷೆ ಹೇಗೆ?

ಹಿಂದೆ ನಿಮ್ಮ ಟೇಬಲ್‌ನಲ್ಲಿ ನಡೆದ ಒಂದು ದೊಡ್ಡ ಕಾಳಗ ತೆಗೆದುಕೊಳ್ಳಿ, ಹೊಸ ಶಕ್ತಿ ಇದ್ದಿದ್ದರೆ ಏನಾಗುತ್ತಿತ್ತು ಅಂತ ರೌಂಡ್ ರೌಂಡ್ ಬಿಡಿಸಿ ನೋಡಿ. ಆಮೇಲೆ ಕಾಳಗವಿಲ್ಲದ ಒಂದು ದೃಶ್ಯದಲ್ಲೂ ನೋಡಿ, ಜನ ಇದನ್ನು ಮರೆಯುತ್ತಾರೆ. ಕೊನೆಗೆ ಅದೇ ಶಕ್ತಿಯನ್ನು ವೈರಿಯ ಕೈಗೆ ಕೊಟ್ಟು ಯೋಚಿಸಿ. ವೈರಿ ಬಳಸಿದರೆ ಆಟಗಾರರು ಅನ್ಯಾಯ ಅಂತ ಕೂಗುವಂತಿದ್ದರೆ ಶಕ್ತಿಯಲ್ಲಿ ಎದುರಿಸುವ ದಾರಿಯೇ ಇಲ್ಲ ಅಂತ ಅರ್ಥ. ಒಂದು ದಾರಿ ಬಿಡಿ: ಗೆರೆಯನ್ನು ಟೆಲಿಪೋರ್ಟ್ ಮಾಡಿ ದಾಟಬಹುದು ಅಂತ ನಾನು ಬಿಟ್ಟದ್ದು ಅದಕ್ಕೇ.

ಕೊಟ್ಟಾಗಿದೆ, ಈಗ ಜಾಸ್ತಿ ಆಯ್ತು ಅನ್ನಿಸುತ್ತಿದೆ. ವಾಪಸ್ ಕಿತ್ತುಕೊಳ್ಳಲಾ?

ಕೊಡುವ ದಿನವೇ ಹೇಳಿಬಿಡಿ: ಇದು ಮೂರು ಸೆಷನ್ ಪ್ರಯೋಗ, ಆಮೇಲೆ ಕೂತು ಮಾತಾಡೋಣ. ಹಾಗೆ ಹೇಳದೆ ಕೊಟ್ಟಿದ್ದರೆ ಆಟದ ನಡುವೆ ಬದಲಿಸಬೇಡಿ, ಸೆಷನ್ ಮುಗಿದ ಮೇಲೆ ಆ ಆಟಗಾರರ ಜೊತೆ ಪ್ರತ್ಯೇಕವಾಗಿ ಮಾತಾಡಿ. ಇಳಿಸುವಾಗ ಶಕ್ತಿ ಏನು ಮಾಡುತ್ತದೆ ಅನ್ನುವುದನ್ನು ಮುಟ್ಟಬೇಡಿ, ಎಷ್ಟು ಸಲ, ಎಷ್ಟು ದೂರ, ಎಷ್ಟು ಬೆಲೆ ಅನ್ನುವುದನ್ನು ಬದಲಿಸಿ. ಆಟಗಾರ್ತಿ ಪ್ರೀತಿಸಿದ್ದು ಸೇತುವೆ ಕಾಯುವುದನ್ನು. ಗೆರೆ 60 ಅಡಿಯ ಬದಲು 30 ಅಡಿ ಆದರೂ ಅದು ಉಳಿಯುತ್ತದೆ. ಮತ್ತೆ, ಅವಳ ಶಕ್ತಿ ಕೆಲಸಕ್ಕೆ ಬಾರದಂಥ ವೈರಿಗಳನ್ನೇ ಸಾಲಾಗಿ ಕಳಿಸುವುದು ಮಾತ್ರ ಬೇಡ. ಎಲ್ಲರೂ ಹಾರುವ ವೈರಿಗಳಾದರೆ ಅವಳಿಗೆ ಗೊತ್ತಾಗುತ್ತದೆ, ಬೇಸರವಾಗುತ್ತದೆ.

ಎಲ್ಲರಿಗೂ ಒಟ್ಟಿಗೆ ಕೊಡಬೇಕಾ?

ಒಟ್ಟಿಗೆ ಬೇಡ, ಆದರೆ ಎಲ್ಲರಿಗೂ ಬೇಕು. ಎರಡು ಮೂರು ಸೆಷನ್ ಅಂತರದಲ್ಲಿ ಒಬ್ಬೊಬ್ಬರ ಕಥೆಯ ತಿರುವಿಗೆ ಸೇರಿಸಿ ಕೊಡಿ. ಮುಂದೆ ನಿನ್ನ ಸರದಿ ಅಂತ ಉಳಿದವರಿಗೆ ಗೊತ್ತಿರಲಿ.

20ನೇ ಲೆವೆಲ್ ಆದ ಮೇಲೂ ಆಡಬಹುದಾ?

ಆಡಬಹುದು, ಇದು ಹೊಸ ಆಸೆಯೂ ಅಲ್ಲ. 1980ರ ದಶಕದ ಡಿ ಅಂಡ್ ಡಿ ಪೆಟ್ಟಿಗೆಗಳಲ್ಲಿ ಕ್ಯಾರೆಕ್ಟರ್‌ಗಳು 36ನೇ ಲೆವೆಲ್‌ವರೆಗೆ ಹೋಗುತ್ತಿದ್ದವು, 1986ರ ಪೆಟ್ಟಿಗೆಯಲ್ಲಿ ಅಮರರಾಗಿಯೇ ಆಡುವ ನಿಯಮ ಬಂತು. 2002ರಲ್ಲಿ ಮೂರನೇ ಆವೃತ್ತಿಗೆ ಎಪಿಕ್ ನಿಯಮಗಳ ಪುಸ್ತಕ ಬಂತು. ಅಲ್ಲಿ 21, 22 ಅಂತ ಲೆವೆಲ್‌ಗಳು ಏರುತ್ತಲೇ ಇದ್ದವು, ಸಂಖ್ಯೆಗಳೂ ಜೊತೆಗೇ ಏರುತ್ತಿದ್ದವು.

2014ರ ಆವೃತ್ತಿ ಲೆವೆಲ್ ಏರಿಸುವುದನ್ನು ಬಿಟ್ಟು ಎಪಿಕ್ ಬೂನ್ (ವರದಂತೆ ಕೊಡುವ ಒಂದು ವಿಶೇಷ ಶಕ್ತಿ) ತಂದಿತು. 20ನೇ ಲೆವೆಲ್‌ಗೆ 3,55,000 ಅನುಭವ ಅಂಕ ಬೇಕು, ಅದರ ಮೇಲೆ ಪ್ರತಿ 30,000ಕ್ಕೆ ಒಂದು ಬೂನ್ ಕೊಡಬಹುದು ಅನ್ನುವ ಸಲಹೆ ಅದರಲ್ಲಿದೆ. 2024ರಲ್ಲಿ 19ನೇ ಲೆವೆಲ್‌ಗೇ ಒಂದು ಎಪಿಕ್ ಬೂನ್ ಸಿಗುತ್ತದೆ. ನನ್ನ ಮಟ್ಟಿಗೆ ಬೂನ್ ದಾರಿಯೇ ಒಳ್ಳೆಯದು. ಲೆವೆಲ್ ಏರಿದರೆ ಹಿಟ್ ಪಾಯಿಂಟ್, ಸ್ಲಾಟ್, ಬೋನಸ್ ಎಲ್ಲವನ್ನೂ ನೀವೇ ಕಂಡುಹಿಡಿಯಬೇಕು. ಬೂನ್ ಆದರೆ ಒಂದು ಒಳ್ಳೆಯ ಶಕ್ತಿ ಬರೆದರೆ ಸಾಕು, ಅದಕ್ಕೆ ಕೂರಲು ನಿಮಗೆ ಸಮಯವೂ ಸಿಗುತ್ತದೆ.

ಮಾಡಿದ್ದನ್ನು ಬೇರೆಯವರ ಜೊತೆ ಹಂಚಿಕೊಳ್ಳಬಹುದಾ, ಮಾರಬಹುದಾ?

ನಿಮ್ಮ ಟೇಬಲ್‌ನಲ್ಲಿ ಬಳಸಲು ಯಾರ ಅಪ್ಪಣೆಯೂ ಬೇಡ. ಪ್ರಕಟಿಸುವುದಾದರೆ, 2023ರ ಜನವರಿಯಲ್ಲಿ ಐದನೇ ಆವೃತ್ತಿಯ ಮೂಲ ನಿಯಮಗಳ ದಾಖಲೆಯಾದ ಎಸ್‌ಆರ್‌ಡಿ 5.1 ಕ್ರಿಯೇಟಿವ್ ಕಾಮನ್ಸ್ ಆಟ್ರಿಬ್ಯೂಷನ್ 4.0 ಪರವಾನಗಿಯಲ್ಲಿ ಬಂದಿದೆ. ಮೂಲದ ಹೆಸರನ್ನು ಪರವಾನಗಿ ಕೇಳುವ ಹಾಗೆ ಹಾಕಿದರೆ ಆ ಪಠ್ಯದಲ್ಲಿರುವ ನಿಯಮಗಳನ್ನು ಬಳಸಿ ಮಾರಲೂಬಹುದು. ಎಸ್‌ಆರ್‌ಡಿಯಲ್ಲಿ ಇಲ್ಲದ ರಾಕ್ಷಸರು, ದೇವರು, ಊರುಗಳ ಹೆಸರುಗಳನ್ನು ಮಾತ್ರ ಬಿಡಿ, ಅವು ಆ ಪರವಾನಗಿಯ ಒಳಗೆ ಬರುವುದಿಲ್ಲ. ಪ್ರಕಟಿಸುವ ಶಕ್ತಿಯ ಕೆಳಗೆ ಅದನ್ನು ಯಾವ ಲೆವೆಲ್‌ನಲ್ಲಿ, ಎಷ್ಟು ಜನರ ಟೇಬಲ್‌ನಲ್ಲಿ ಆಡಿ ನೋಡಿದಿರಿ ಅಂತ ಒಂದು ಸಾಲು ಬರೆಯಿರಿ. ಬೇರೆ ಡಿಎಂ ಅದನ್ನು ತನ್ನ ಟೇಬಲ್‌ಗೆ ತರುವಾಗ ಮೊದಲು ಹುಡುಕುವುದು ಆ ಸಾಲನ್ನೇ.